ಶ್ವಾಸಕೋಶದ ಕಾಯಿಲೆಯಿಂದ ಹೃದಯ ಸೋತವರಿಗೆ ಚೀನಾದ ಗಿಡಮೂಲಿಕೆ ಕೊಡಬಹುದಾ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರಿಗೆ 67 ವರ್ಷ, ಹಳೆಯ ಸಿಒಪಿಡಿ, ಅಂದರೆ ಉಸಿರಿನ ನಾಳಗಳು ಕಿರಿದಾಗಿ ಏದುಸಿರು ಬರುವ ಶ್ವಾಸಕೋಶದ ಕಾಯಿಲೆ. ಈಗ ಕಾಲು ಊದಿಕೊಂಡಿದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಬಲಭಾಗ ದೊಡ್ಡದಾಗಿದೆ ಎಂದು ಬಂದಿದೆ. ಗುವಾಂಗ್‌ಝೌನಲ್ಲಿ ಕೆಲಸದಲ್ಲಿರುವ ನಿಮ್ಮ ಭಾವ ಅಲ್ಲಿಂದ ಕಷಾಯದ ಪೊಟ್ಟಣಗಳನ್ನು ಕಳಿಸುತ್ತೇನೆ ಎಂದಿದ್ದಾರೆ. ಕೊಡಬಹುದಾ ಎಂದು ಕೇಳಿದ್ದೀರಿ.

ಕೊಡಬೇಡಿ. ಆ ಬೇರು, ಬೀಜಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ. ತಂದೆಯವರ ಮಾತ್ರೆಗಳು ಎಲ್ಲಿ ಕೆಲಸ ಮಾಡುತ್ತವೋ ಅಲ್ಲೇ ಮಾಡುತ್ತವೆ. ನನಗೆ ಭಯ ಇರುವುದೇ ಅದಕ್ಕೆ.

ನಾನು ಎಂಬಿಬಿಎಸ್ ಓದಿದ್ದು ಉತ್ತರ ಚೀನಾದ ಶೆನ್ಯಾಂಗ್‌ನಲ್ಲಿ. ಚೀನೀ ವೈದ್ಯವೂ ನಮಗೆ ಒಂದು ವಿಷಯವಾಗಿತ್ತು. ಜನವರಿ ರಾತ್ರಿಗಳಲ್ಲಿ ಮೈನಸ್ 20ರ ಹತ್ತಿರ ಹೋಗುವ ಊರದು. ಚಳಿ ಶುರುವಾದರೆ ಸಾಕು, ಎದೆ ವಾರ್ಡ್ ತುಂಬುತ್ತಿತ್ತು. ಈ ಕಾಯಿಲೆಗೆ ಅಲ್ಲಿ 'ಫೇ-ಶಿನ್-ಬಿಂಗ್' ಅನ್ನುತ್ತಾರೆ. ಫೇ ಅಂದರೆ ಶ್ವಾಸಕೋಶ, ಶಿನ್ ಅಂದರೆ ಹೃದಯ, ಬಿಂಗ್ ಅಂದರೆ ರೋಗ. ನಾವು ಡಾಕ್ಟರುಗಳು ಬರೆಯುವ 'ಕಾರ್ ಪಲ್ಮೊನೇಲ್' ಎಂಬ ಹೆಸರಿಗಿಂತ ನನಗೆ ಇದೇ ಇಷ್ಟ. ಯಾವುದರಿಂದ ಯಾವುದು ಕೆಟ್ಟಿತು ಅಂತ ಹೆಸರಲ್ಲೇ ಇದೆ.

ಮನೆಯ ಪೈಪಿನೊಳಗೆ ಉಪ್ಪುಗಟ್ಟಿದರೆ ಮೋಟಾರ್ ಎಷ್ಟು ಕಷ್ಟಪಡುತ್ತದೆ, ನೋಡಿದ್ದೀರಲ್ವಾ? ಇಲ್ಲೂ ಹಾಗೇ. ಶ್ವಾಸಕೋಶದಲ್ಲಿ ಆಮ್ಲಜನಕ ಕಡಿಮೆಯಾದರೆ ಅಲ್ಲಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಹೃದಯದ ಬಲಭಾಗ ಆ ಕಿರಿದಾದ ನಾಳಗಳೊಳಗೆ ರಕ್ತವನ್ನು ತಳ್ಳಬೇಕು. ತಳ್ಳಿ ತಳ್ಳಿ ಮೊದಲು ದಪ್ಪವಾಗುತ್ತದೆ, ಆಮೇಲೆ ಹಿಗ್ಗಿ ಸೋಲುತ್ತದೆ. ಮುಂದೆ ಹೋಗದ ರಕ್ತ ಹಿಂದೆ ನಿಲ್ಲುತ್ತದೆ. ಕುತ್ತಿಗೆಯ ನರ ಉಬ್ಬುತ್ತದೆ, ಲಿವರ್ ಊದುತ್ತದೆ, ಕಾಲಲ್ಲಿ ನೀರು ತುಂಬುತ್ತದೆ.

ಚೀನಾದ ಹಳೆಯ ವೈದ್ಯರಿಗೂ ಇದು ಕಂಡಿತ್ತು. ಸುಮಾರು 1,800 ವರ್ಷಗಳ ಹಿಂದೆ, ಹಾನ್ ರಾಜವಂಶದ ಕೊನೆಗಾಲದಲ್ಲಿ, ಜಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯ ಇದ್ದ. ಎದೆ ಉಬ್ಬಿ, ಏದುಸಿರು ಬಂದು, ಮಲಗಲು ಆಗದವರಿಗೆ ಅವನು ಬರೆದಿಟ್ಟ ಒಂದು ಔಷಧ ಮಿಶ್ರಣ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಇರುವುದು ಎರಡೇ ವಸ್ತು. ತಿಂಗ್‌ಲಿಝ ಎಂಬ ಪುಟ್ಟ ಬೀಜ ಮತ್ತು ಹನ್ನೆರಡು ಎಲಚಿ ಹಣ್ಣು. ಆ ಬೀಜ ಸಾಸಿವೆ ಕುಟುಂಬದ್ದು, ನಮ್ಮ ಅಳವಿ ಬೀಜದ ನೆಂಟ. ಎದೆಯ ನೀರು ಇಳಿಸುವುದು ಬೀಜದ ಕೆಲಸ, ಅದರ ಉಗ್ರತೆಯನ್ನು ತಗ್ಗಿಸುವುದು ಹಣ್ಣಿನ ಕೆಲಸ ಎಂದು ನಮಗೆ ಪಾಠ ಮಾಡಿದ್ದರು.

ನಮ್ಮ ವಾರ್ಡಿನಲ್ಲಿ ವಯಸ್ಸಾದ ಒಬ್ಬ ಚೀನೀ ವೈದ್ಯರು ಬರುತ್ತಿದ್ದರು. ಮೂರು ಬೆರಳಿಟ್ಟು ನಾಡಿ ನೋಡಿ, ನಾಲಿಗೆ ಚಾಚಿಸುತ್ತಿದ್ದರು. ನಾಲಿಗೆ ನೀಲಿಗಟ್ಟಿದ್ದರೆ ರಕ್ತ ನಿಂತಿದೆ ಎಂದು ದಾನ್‌ಶೆನ್ ಎಂಬ ಕೆಂಪು ಬೇರು ಬರೆಯುತ್ತಿದ್ದರು. ಅದೇ ನಾಲಿಗೆ ನೋಡಿ ನಮ್ಮ ಪ್ರೊಫೆಸರ್ ಆಮ್ಲಜನಕ ಸಾಲದು ಎನ್ನುತ್ತಿದ್ದರು. ಇಬ್ಬರ ಮಾತೂ ನಡೆಯುತ್ತಿತ್ತು. ಆಸ್ಪತ್ರೆಯಲ್ಲೇ ಕುದಿಸಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸೀಲ್ ಮಾಡಿದ ಕಷಾಯವನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದರು. ಆದರೆ ಅದನ್ನು ಕುಡಿಯುವ ರೋಗಿಯ ಮೂಗಿನಲ್ಲಿ ಆಕ್ಸಿಜನ್ ನಳಿಗೆ ಇರುತ್ತಿತ್ತು. ನೀರಿಳಿಸುವ ಮಾತ್ರೆ ನಡೆಯುತ್ತಿತ್ತು. ರಕ್ತದ ಪೊಟ್ಯಾಸಿಯಂ ನೋಡುತ್ತಿದ್ದರು, ಇಸಿಜಿ ತೆಗೆಯುತ್ತಿದ್ದರು. ಪಾರ್ಸೆಲ್‌ನಲ್ಲಿ ಬರುವುದು ಕಷಾಯ ಮಾತ್ರ. ಅದರ ಸುತ್ತ ಇದ್ದ ಕಾವಲು ಬರುವುದಿಲ್ಲ.

ಈಗ ತಂದೆಯವರ ಮಾತ್ರೆ ಡಬ್ಬಿಗೆ ಬರೋಣ. ನೀವು ಬರೆದಂತೆ ನೀರಿಳಿಸುವ ಫ್ಯೂರೊಸೆಮೈಡ್ ಇದೆ, ಉಸಿರಿನ ನಾಳ ಹಿಗ್ಗಿಸಲು ಮಂಜಿನಂತೆ ಎಳೆದುಕೊಳ್ಳುವ ಸಾಲ್ಬುಟಮಾಲ್ ನೆಬುಲೈಸೇಶನ್ ಇದೆ, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಇದೆ. ಮೊದಲ ಎರಡೂ ರಕ್ತದಲ್ಲಿ ಪೊಟ್ಯಾಸಿಯಂ ಇಳಿಸುತ್ತವೆ. ಚೀನೀ ಕಷಾಯಗಳಲ್ಲಿ ಅತಿ ಸಾಮಾನ್ಯವಾಗಿ ಸೇರುವ ಬೇರು ಗಾನ್‌ಚಾವ್, ಅಂದರೆ ನಮ್ಮ ಜ್ಯೇಷ್ಠಮಧು. ದಿನಾ ಜಾಸ್ತಿ ಹೋದರೆ ಅದೂ ಪೊಟ್ಯಾಸಿಯಂ ಇಳಿಸುತ್ತದೆ, ಜೊತೆಗೆ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ವಿಷದಂತೆ ವರ್ತಿಸುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಆಮ್ಲಜನಕ ಕಡಿಮೆ ಇರುವವರಿಗೆ ಆ ಅಪಾಯ ಇನ್ನೂ ಹೆಚ್ಚು. ಗಂಟಲಿಗೆ ಹಿತ ಎಂದು ನಾವೆಲ್ಲ ಚೀಪುವ ಬೇರೇ ಹೀಗೆ ಮಾಡಬಲ್ಲದು, ನೋಡಿ.

ಇನ್ನೊಂದು ಫೂಝ. ಕೈಕಾಲು ತಣ್ಣಗಾಗಿ, ಮೈ ಊದಿದ ಹೃದ್ರೋಗಿಗಳಿಗೆ ಚೀನೀ ವೈದ್ಯರು ಹೆಚ್ಚಾಗಿ ಬರೆಯುವ ಗೆಡ್ಡೆ. ಇದು ನಮ್ಮ ವತ್ಸನಾಭಿಯ ಜಾತಿಯದೇ. ಸಂಸ್ಕರಿಸಿ, ತುಂಬಾ ಹೊತ್ತು ಕುದಿಸಿದರೆ ಮಾತ್ರ ಅದರ ವಿಷ ಇಳಿಯುತ್ತದೆ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ ಕೊಂಡ ಗಿಡಮೂಲಿಕೆ ಚಹಾ ಕುಡಿದು ಇಬ್ಬರು ಆಸ್ಪತ್ರೆ ಸೇರಿದರು. ಒಬ್ಬ ಮಹಿಳೆ ತೀರಿಕೊಂಡರು. ಚಹಾದಲ್ಲಿ ಇದ್ದದ್ದು ಇದೇ ವಿಷ. ದಾನ್‌ಶೆನ್ ಕೂಡ ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವ ಆಗಬಹುದು. ಏದುಸಿರಿಗೆ ಕೊಡುವ ಮಾಹುವಾಂಗ್ ಎಂಬ ಗಿಡದಲ್ಲಿ ಎಫೆಡ್ರಿನ್ ಇದೆ. ಉಸಿರಿನ ನಾಳ ಸ್ವಲ್ಪ ಹಿಗ್ಗಬಹುದು, ಜೊತೆಗೆ ಬಿಪಿ, ಎದೆಬಡಿತ ಎರಡೂ ಏರುತ್ತವೆ. ಅಮೆರಿಕದಲ್ಲಿ 2004ರಲ್ಲಿ ಅದನ್ನು ಪೂರಕ ಆಹಾರದ ಹೆಸರಲ್ಲಿ ಮಾರುವುದನ್ನೇ ನಿಲ್ಲಿಸಿದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಫಾಂಗ್‌ಜಿ. ಎದೆಯಲ್ಲಿ ನೀರು ನಿಂತು ಏದುಸಿರು ಬರುವವರಿಗೆ ಆ ಹಳೆಯ ವೈದ್ಯ ಜಾಂಗ್ ಹೇಳಿದ ಇನ್ನೊಂದು ಮಿಶ್ರಣದಲ್ಲಿ ಈ ಬೇರು ಬರುತ್ತದೆ. ಆದರೆ ಫಾಂಗ್‌ಜಿ ಎಂಬ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಗಿಡಗಳ ಬೇರು ಮಾರುಕಟ್ಟೆಯಲ್ಲಿದ್ದವು. ಅದರಲ್ಲಿ ಒಂದು ನಮ್ಮ ಈಶ್ವರಿ ಬಳ್ಳಿಯ ಜಾತಿಯದು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯೊಳಗೆ ಈ ಬೇರು ತಪ್ಪಾಗಿ ಸೇರಿತ್ತು. ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಹೋಯಿತು. ಹೆಸರು ಒಂದೇ, ಬೇರು ಬೇರೆ. ಪುಡಿಯಾದ ಮೇಲೆ ಯಾರು ಗುರುತಿಸುತ್ತಾರೆ ಹೇಳಿ? ನಿಮ್ಮ ಭಾವನಿಗೂ ಆಗದು, ನನಗೂ ಆಗದು.

ಹಾಗಾದರೆ ಇವುಗಳಿಂದ ಯಾರಿಗೂ ಉಪಯೋಗವೇ ಆಗಿಲ್ಲವೇ? ಆಗಿದೆ. ಚೀಲಿ ಚಿಯಾಂಗ್‌ಶಿನ್ ಎಂಬ ಕ್ಯಾಪ್ಸೂಲ್ ಇದೆ, 11 ವಸ್ತುಗಳದ್ದು. ಮೇಲೆ ಹೇಳಿದ ತಿಂಗ್‌ಲಿಝ, ದಾನ್‌ಶೆನ್, ಫೂಝ ಮೂರೂ ಅದರಲ್ಲಿವೆ. ಚೀನಾದ 133 ಆಸ್ಪತ್ರೆಗಳಲ್ಲಿ 3,110 ರೋಗಿಗಳ ಮೇಲೆ ಅದರ ಪರೀಕ್ಷೆ ನಡೆಯಿತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಹೃದಯ ಸೋತು ಆಸ್ಪತ್ರೆ ಸೇರಿದವರು ಅಥವಾ ಹೃದ್ರೋಗದಿಂದ ತೀರಿಕೊಂಡವರು, ಔಷಧವಿಲ್ಲದ ಸುಳ್ಳು ಗುಳಿಗೆ ತೆಗೆದುಕೊಂಡ ಗುಂಪಿನಲ್ಲಿ ನೂರಕ್ಕೆ 30. ಕ್ಯಾಪ್ಸೂಲ್ ತೆಗೆದುಕೊಂಡ ಗುಂಪಿನಲ್ಲಿ 25. ಒಳ್ಳೆಯ ಸುದ್ದಿಯೇ. ಆದರೆ ಅವರೆಲ್ಲ ಹೃದಯದ ಎಡಭಾಗ ಸೋತವರು, ಮಾಮೂಲಿ ಔಷಧಿಗಳ ಜೊತೆಗೇ ಇದನ್ನೂ ತೆಗೆದುಕೊಂಡವರು. ತಂದೆಯವರ ತೊಂದರೆ ಶ್ವಾಸಕೋಶದಿಂದ ಶುರುವಾಗಿದ್ದು. ಫೇ-ಶಿನ್-ಬಿಂಗ್ ಮೇಲೆ ಚೀನಾದಲ್ಲಿ ನಡೆದ ಪರೀಕ್ಷೆಗಳಲ್ಲಿ ನಾನು ಓದಿದವು ಹೆಚ್ಚಾಗಿ ಸಣ್ಣವು, ಕೆಲವೇ ವಾರಗಳವು. ಅವುಗಳನ್ನು ನಂಬಿ ಮನೆಯಲ್ಲಿ ಕಷಾಯ ಕೊಡಿ ಎನ್ನಲು ನನಗೆ ಧೈರ್ಯವಿಲ್ಲ.

ಧೈರ್ಯವಾಗಿ ಹೇಳಬಲ್ಲದ್ದು ಆಕ್ಸಿಜನ್ ಬಗ್ಗೆ. 1981ರಲ್ಲಿ ಬ್ರಿಟನ್‌ನಲ್ಲಿ ನಿಮ್ಮ ತಂದೆಯವರಂಥದೇ 87 ರೋಗಿಗಳ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 15 ಗಂಟೆಯಾದರೂ ಮನೆಯಲ್ಲಿ ಆಕ್ಸಿಜನ್ ತೆಗೆದುಕೊಂಡ 42 ಜನರಲ್ಲಿ ಐದು ವರ್ಷದೊಳಗೆ 19 ಜನ ತೀರಿಕೊಂಡರು. ತೆಗೆದುಕೊಳ್ಳದ 45 ಜನರಲ್ಲಿ 30 ಜನ. ಮುದುಡಿದ ನಾಳಗಳ ಮೂಲ ಕಾರಣವೇ ಆಮ್ಲಜನಕದ ಕೊರತೆ, ಅಲ್ವಾ? ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ, ಸುಮ್ನೆ ಕುಳಿತಿದ್ದಾಗ ಎಷ್ಟು ತೋರಿಸುತ್ತದೆ ಎಂದು ನೀವು ಬರೆದಿಲ್ಲ. 88ರ ಆಸುಪಾಸು ಅಥವಾ ಕೆಳಗಿದ್ದರೆ, ಮನೆಗೆ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಬೇಕೇ ಎಂದು ಎದೆ ಡಾಕ್ಟರ್ ಹತ್ತಿರ ಕೇಳಿ. ರಕ್ತದ ಗ್ಯಾಸ್ ಪರೀಕ್ಷೆ ಮಾಡಿ ಎಷ್ಟು ಫ್ಲೋ ಎಂದು ಅವರೇ ಬರೆದುಕೊಡುತ್ತಾರೆ. ಜಾಸ್ತಿ ಇಟ್ಟರೆ ಬೇಗ ಗುಣ ಎಂದು ನೀವಾಗಿಯೇ ಏರಿಸಬೇಡಿ. ಇಂಥ ಶ್ವಾಸಕೋಶದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಹತ್ತಿರ ಬೀಡಿ, ದೀಪ, ಒಲೆ ಇರಲೇಬಾರದು.

ನಮ್ಮ ದೊಡ್ಡಮ್ಮನಿಗೂ ಇದೇ ಕಾಯಿಲೆ ಇತ್ತು. ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದವರು. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್‌ವೇಯಲ್ಲಿ ಮನೆಯೊಳಗೇ ಕಲ್ಲಿದ್ದಲು ಉರಿಸುತ್ತಿದ್ದರು. ಹೊಗೆ ಕೊಳವೆ ಇರುವ ಒಲೆಗೆ ಬದಲಾದ ಮನೆಗಳಲ್ಲಿ ಸಿಒಪಿಡಿ ಸ್ಪಷ್ಟವಾಗಿ ಕಡಿಮೆಯಾಯಿತು. ಅದನ್ನು ಓದಿದ ದಿನ ನನಗೆ ದೊಡ್ಡಮ್ಮನದೇ ನೆನಪು. ತಂದೆಯವರ ಮನೆಯಲ್ಲಿ ಈಗಲೂ ಸೌದೆ ಒಲೆ ಇದ್ದರೆ, ಬಚ್ಚಲ ಹಂಡೆಯ ಒಲೆಯನ್ನೂ ಸೇರಿಸಿ, ಅವರು ಮಲಗುವ ಜಾಗಕ್ಕೆ ಹೊಗೆ ಬಾರದ ಹಾಗೆ ಮಾಡಿ.

ಭಾವ ಪ್ರೀತಿಯಿಂದ ಕಳಿಸುತ್ತಿದ್ದಾರೆ, ಅವರ ಮೇಲೆ ಬೇಸರ ಬೇಡ. ಪೊಟ್ಟಣ ಈಗಾಗಲೇ ಬಂದಿದ್ದರೆ ತೆರೆಯದೆ ಇಡಿ. ತಂದೆಯವರು ಒಂದೆರಡು ಸಲ ಕುಡಿದಾಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ತುಟಿ, ನಾಲಿಗೆ ಜೋಮು ಹಿಡಿಯುವುದು, ವಾಂತಿ, ಎದೆಬಡಿತ ತಪ್ಪಿದಂತಾಗುವುದು, ಕಣ್ಣಿಗೆ ಹಳದಿ ಕಾಣುವುದು, ಇದರಲ್ಲಿ ಯಾವುದಾದರೂ ಇದ್ದರೆ ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಇಲ್ಲವಾದರೆ ಚೀನೀ ಅಕ್ಷರದ ಚೀಟಿಯ ಫೋಟೋ ಮತ್ತು ಆಕ್ಸಿಮೀಟರ್ ನಂಬರ್ ಇಲ್ಲೇ ಕೆಳಗೆ ಹಾಕಿ. ಅಕ್ಷರ ನನಗೆ ಇನ್ನೂ ಓದಲು ಬರುತ್ತದೆ. ಚೀಟಿಯಲ್ಲಿ ಏನೇನಿದೆ ಎಂದು ಬರೆದುಕೊಡುತ್ತೇನೆ, ನಿಮ್ಮ ಡಾಕ್ಟರಿಗೆ ತೋರಿಸಿ.