ನೂರು ಗಂಟೆ ಓಡಿಸಿದರೆ ಹೊಸ ಸ್ಪೀಕರ್‌ಗೆ ಬಾಸ್ ಬರುತ್ತದಾ?

ಪ್ರಶ್ನೆ: ಹೋದ ವಾರ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಂದೆ. ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿತ್ತು. ಮನೆಯಲ್ಲಿ ಬಾಸ್ ಇಲ್ಲವೇ ಇಲ್ಲ, ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಅಂತಲೂ ಗೊತ್ತಾಗಲ್ಲ. ಅಂಗಡಿಯವರು "ನೂರು ಗಂಟೆ ಓಡಿಸಿ, ಸರಿ ಹೋಗುತ್ತೆ" ಅಂತಾರೆ. ವಾಪಸ್ ಕೊಡೋಕೆ ಆರೇ ದಿನ ಉಳಿದಿದೆ. ಕಾಯಲಾ ಸರ್?
– ಓದುಗರೊಬ್ಬರು, ಹಾಸನ

ಉತ್ತರ: ಸುಮ್ನೆ ಕಾಯಬೇಡಿ. ಮೊದಲು ವೈರ್ ನೋಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ? ಆಂಪ್ (ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಕಡೆಯೂ ನೋಡಿ. ಒಂದು ಸ್ಪೀಕರ್‌ನಲ್ಲಿ ಅದಲುಬದಲಾಗಿದ್ದರೆ ಒಂದರ ಕೋನ್ (ಸದ್ದು ಹೊರಡಿಸುವ, ಅದುರುವ ಬಟ್ಟಲು) ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ, ಇದು ತಳ್ಳಿದ ಗಾಳಿಯನ್ನು ಅದು ಎಳೆದುಕೊಳ್ಳುತ್ತದೆ, ಬಾಸ್ ಅಲ್ಲೇ ಸತ್ತುಹೋಗುತ್ತದೆ. ದನಿ ನಡುವೆ ನಿಲ್ಲದೆ ಚದುರಿದ ಹಾಗೆ ಕೇಳುವುದೂ ಇದರದೇ ಗುರುತು. ನೀವು ಎರಡನ್ನೂ ಹೇಳಿದ್ದೀರಿ, ಅದಕ್ಕೇ ನನ್ನ ಅನುಮಾನ ಇದರ ಮೇಲೆ. ವೈರಿನ ಎರಡು ಎಳೆಯೂ ಒಂದೇ ಬಣ್ಣದ್ದಾದರೆ ಟಾರ್ಚ್ ಹಿಡಿದು ಬೆರಳಲ್ಲಿ ಸವರಿ, ಸಾಮಾನ್ಯವಾಗಿ ಒಂದು ಎಳೆಯ ಮೇಲೆ ಸಣ್ಣ ಗೆರೆಯೋ ಏಣೋ ಇರುತ್ತದೆ.

ಹಾಗಂತ ಸ್ಪೀಕರ್ ಪಳಗುವುದು ಸುಳ್ಳಲ್ಲ. ಬಾಸ್ ನುಡಿಸುವ ದೊಡ್ಡ ಘಟಕ, ಅಂದರೆ ವೂಫರ್ ಹಿಂದೆ ಸ್ಪೈಡರ್ ಅಂತ ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆ ಇರುತ್ತದೆ. ಅದಕ್ಕೆ ರಾಳ ಹಾಕಿ ಗಟ್ಟಿ ಮಾಡಿರುತ್ತಾರೆ. ಗಂಜಿ ಹಾಕಿದ ಹೊಸ ಪಂಚೆ ಉಟ್ಟು ಓಡಾಡಿದರೆ ಮೆತ್ತಗಾಗುತ್ತದಲ್ವಾ, ಅದೂ ಹಾಗೇ. ಕೋನ್ ಸಡಿಲಾಗಿ ಆಡುತ್ತದೆ, ವೂಫರಿನ ಸಹಜ ಕಂಪನ ಸೆಕೆಂಡಿಗೆ ಕೆಲವು ಸಲದಷ್ಟು (ಕೆಲವು ಹರ್ಟ್ಸ್) ಕೆಳಗಿಳಿಯುತ್ತದೆ. ಆದರೆ ಇದರಲ್ಲಿ ಜಾಸ್ತಿ ಪಾಲು ಮೊದಲ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಅದೂ ಚಿಕ್ಕ ಡಬ್ಬಿಯಲ್ಲಿ ಕೂತ ಮೇಲೆ ಒಳಗಿನ ಗಾಳಿಯೇ ದೊಡ್ಡ ಸ್ಪ್ರಿಂಗ್ ಆಗಿರುವುದರಿಂದ, ಕಿವಿಗೆ ಬೀಳುವ ವ್ಯತ್ಯಾಸ ತುಂಬ ಸಣ್ಣದು. ಕೀಚು ದನಿ ನುಡಿಸುವ ಚಿಕ್ಕ ಘಟಕವಾದ ಟ್ವೀಟರ್‌ನಲ್ಲಂತೂ ಇನ್ನೂ ಕಡಿಮೆ. ಇಲ್ಲದ ಬಾಸ್ ಹುಟ್ಟುವುದಿಲ್ಲ.

ಇಲ್ಲಿ ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ನನ್ನ ಹಳೇ ಸ್ಪೀಕರುಗಳೇ ಸ್ವಲ್ಪ ಬಿಗಿಯಾಗಿ ಹಾಡುತ್ತವೆ. ಚಳಿಗೆ ಕೋನಿನ ಸುತ್ತಲಿನ ರಬ್ಬರ್ ಬಿಗಿದಿರುತ್ತದೆ, ಒಂದಷ್ಟು ಹೊತ್ತು ಹಾಡಿದರೆ ಸರಿಹೋಗುತ್ತದೆ.

ಮತ್ತೆ, ಪಳಗುವುದು ಹೆಚ್ಚಾಗಿ ನಮ್ಮ ಕಿವಿ. ಅನುಮಾನ ಇದ್ದರೆ ಒಂದು ಸ್ಪೀಕರನ್ನು ಬಾಕ್ಸಿನಲ್ಲೇ ಇಟ್ಟು ಇನ್ನೊಂದನ್ನು ಮೂರು ದಿನ ಓಡಿಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಆಂಪನ್ನು ಮೋನೋಗೆ (ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು ಬರುವ ಹಾಗೆ) ಹಾಕಿ, ಒಂದೇ ಹಾಡನ್ನು ಬ್ಯಾಲೆನ್ಸ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ತಿರುಪು) ತಿರುಗಿಸುತ್ತಾ ಕೇಳಿ. ಯಾವುದು ಓಡಿದ್ದು ಅಂತ ನಿಮಗೆ ಹೇಳದೆ ಮನೆಯವರು ಜಾಗ ಬದಲಿಸಿಟ್ಟರೆ ಇನ್ನೂ ಒಳ್ಳೆಯದು.

ವೈರ್ ಸರಿಯಿದ್ದರೆ ಸ್ಪೀಕರನ್ನು ಗೋಡೆಗೆ ಹತ್ತಿರ ಸರಿಸಿ, ಬಾಸ್ ಏರುತ್ತದೆ. ಆಂಪ್ ಆಫ್ ಮಾಡಿ, ನಾಲ್ಕು ಬೆರಳಿನಿಂದ ಕೋನನ್ನು ಸಮವಾಗಿ ಮೆಲ್ಲಗೆ ಒತ್ತಿಯೂ ನೋಡಿ. ಒಳಗೆ ಕರಕರ ಉಜ್ಜಿದ ಸದ್ದು ಬಂದರೆ ಕೋನನ್ನು ಆಡಿಸುವ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಪಕ್ಕಕ್ಕೆ ತಾಗುತ್ತಿದೆ. ಅದು ಎಷ್ಟು ಗಂಟೆ ಓಡಿಸಿದರೂ ಸರಿಹೋಗಲ್ಲ, ಆರು ದಿನದೊಳಗೆ ವಾಪಸ್ ಕೊಡಿ.