ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಕಥೆಯ ಟಿವಿ ಸರಣಿ 'ದಿ ಕ್ರೌನ್'ಗೂ ಮೊದಲು ನಟಿ ಒಲಿವಿಯಾ ಕೋಲ್ಮನ್ ಯಾವುದರಲ್ಲಿ ನಟಿಸಿದ್ದರು?

ಜಾಸ್ತಿ ಟಿವಿಯಲ್ಲೇ, ಅದೂ ಕಾಮಿಡಿ. 2003ರಲ್ಲಿ ಶುರುವಾದ 'ಪೀಪ್ ಶೋ'ನ ಸೋಫಿ ಪಾತ್ರದಿಂದ ಬ್ರಿಟನ್ನಿನಲ್ಲಿ ಮನೆಮಾತಾದರು. ನಗಿಸೋದಕ್ಕಷ್ಟೇ ಲಾಯಕ್ಕು ಅನ್ನುವ ಹಣೆಪಟ್ಟಿ ಕಳಚಿದ್ದು 2011ರ 'ಟಿರಾನೋಸಾರ್' ಸಿನಿಮಾ. ಅದರಲ್ಲಿ ಅವರು ಗಂಡನ ಹಿಂಸೆ ನುಂಗಿಕೊಂಡು ಬದುಕುವ ಹೆಂಗಸು. ಆಮೇಲೆ 2013ರಲ್ಲಿ 'ಬ್ರಾಡ್‌ಚರ್ಚ್', ಪೊಲೀಸ್ ಪಾತ್ರ.

ನನಗೆ ಇಷ್ಟವಾದ್ದು 2016ರ 'ದಿ ನೈಟ್ ಮ್ಯಾನೇಜರ್'. ಅದರಲ್ಲಿ ಅವರದು ಗೂಢಚಾರ ಅಧಿಕಾರಿಯ ಪಾತ್ರ. ಮೂಲ ಕಾದಂಬರಿಯಲ್ಲಿ ಆ ಅಧಿಕಾರಿ ಗಂಡಸು. ಸರಣಿಗಾಗಿ ಹೆಂಗಸಾಗಿ ಬದಲಿಸಿದರು. ಶೂಟಿಂಗ್ ಹೊತ್ತಿಗೆ ಕೋಲ್ಮನ್ ನಿಜಕ್ಕೂ ಬಸುರಿ. ಹೊಟ್ಟೆ ಮುಚ್ಚಿಡುವ ಗೋಜಿಗೆ ಹೋಗದೆ, ಪಾತ್ರವನ್ನೇ ಬಸುರಿ ಮಾಡಿಬಿಟ್ಟರು! ಗೋಲ್ಡನ್ ಗ್ಲೋಬ್ ಕೂಡ ಬಂತು.

'ದಿ ಫೇವರಿಟ್'ನ ರಾಣಿ ಆ್ಯನ್ ಪಾತ್ರಕ್ಕೆ 2019ರಲ್ಲಿ ಆಸ್ಕರ್ ಸಿಕ್ಕಿತು. ಅದೇ ವರ್ಷ 'ದಿ ಕ್ರೌನ್'ನಲ್ಲಿ ಎರಡನೇ ಎಲಿಜಬೆತ್ ಆಗಿ ಬಂದರು. ತಮಾಷೆ ಅಂದ್ರೆ, 2012ರ ಒಂದು ಸಿನಿಮಾದಲ್ಲಿ ಆ ರಾಣಿಯ ತಾಯಿಯ ಪಾತ್ರವನ್ನೂ ಮಾಡಿದ್ದರು.