ಮಾವಿಗೊಂದು ಕಾಲ, ಸೀಬೆಗೊಂದು ಕಾಲ

ಪ್ರಶ್ನೆ: ಮನೆಯ ಹಿಂದೆ ಐದು ಗುಂಟೆ ಜಾಗದಲ್ಲಿ ಎರಡು ಬಾದಾಮಿ ಮಾವು, ಎರಡು ಸೀಬೆ, ಒಂದು ಸಪೋಟ ಇವೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆಳು ಸಿಕ್ಕಿದನೆಂದು ಎಲ್ಲವನ್ನೂ ಒಂದೇ ದಿನ ಸವರಿಸಿದೆ. ಸೀಬೆ ಚೆನ್ನಾಗಿ ಕಾಯಿ ಕಚ್ಚಿತು. ಮಾವಿನಲ್ಲಿ ಮಾತ್ರ ಬರೀ ಕೆಂಪು ಚಿಗುರು, ಒಂದು ಹೂವೂ ಇಲ್ಲ. ಅಂಗಡಿಯವರು ಹೂ ಬರಿಸುವ ಔಷಧಿ ಇದೆ ಅನ್ನುತ್ತಾರೆ. ಹೊಡೆಯಲೇ?
– ತುಮಕೂರಿನ ಓದುಗರು

ಉತ್ತರ: ಬೇಡ. ಮರಕ್ಕೆ ಏನೂ ಆಗಿಲ್ಲ. ಹೂ ಬಿಡಬೇಕಿದ್ದ ತುದಿಗಳನ್ನೇ ಕತ್ತರಿಸಿ ಹಾಕಿದ್ದೀರಿ, ಅಷ್ಟೇ.

ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಮಳೆಗಾಲದಲ್ಲಿ ಬಂದ ಚಿಗುರು ನಾಲ್ಕೈದು ತಿಂಗಳು ಬಲಿತು, ಚಳಿ ಬಿದ್ದಾಗ ಅದರ ತುದಿಯಿಂದ ಹೂಗೊಂಚಲು ಹೊರಡುತ್ತದೆ. ನವೆಂಬರಿನಲ್ಲಿ ಆ ತುದಿ ಹೋದರೆ ಮರ ಮತ್ತೆ ಚಿಗುರುತ್ತದೆ, ಆ ಎಳೆ ಚಿಗುರಿಗೆ ಆ ವರ್ಷ ಹೂ ಬಿಡುವ ವಯಸ್ಸಾಗಿರುವುದಿಲ್ಲ. ಸೀಬೆ ಇದಕ್ಕೆ ತದ್ವಿರುದ್ಧ. ಹೊಸ ಚಿಗುರಿನ ಎಲೆಬುಡದಲ್ಲೇ ಅದರ ಮೊಗ್ಗು. ಕತ್ತರಿಸಿದಷ್ಟೂ ಚಿಗುರು, ಚಿಗುರಿದಷ್ಟೂ ಕಾಯಿ. ಒಂದೇ ಕತ್ತರಿ ಒಂದಕ್ಕೆ ವರವಾಯಿತು, ಇನ್ನೊಂದಕ್ಕೆ ಶಾಪವಾಯಿತು.

ಹಾಗಾಗಿ ಮಾವನ್ನು ಹಣ್ಣು ಕಿತ್ತ ಕೂಡಲೇ ಸವರಿ. ಜೂನ್–ಜುಲೈ, ಅಂದರೆ ಆರಿದ್ರಾ, ಪುನರ್ವಸು ಮಳೆಗಳ ನಡುವೆ ಎರಡು ದಿನ ಹೊಳವಾದಾಗ. ಆಗಸ್ಟ್ ದಾಟಿದರೆ ಕತ್ತರಿ ಮುಟ್ಟಬೇಡಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ನಡುವಿನಿಂದ ನೆಟ್ಟಗೆ ಮೇಲಕ್ಕೆ ನುಗ್ಗಿದ್ದು, ಇವನ್ನು ತೆಗೆಯಿರಿ. ಒಂದು ಸಲಕ್ಕೆ ಮರದ ಕಾಲುಭಾಗಕ್ಕಿಂತ ಹೆಚ್ಚು ಬೇಡ. ಬುಡದಲ್ಲಿ ನಿಂತು ತಲೆಯೆತ್ತಿದರೆ ಅಲ್ಲಲ್ಲಿ ಆಕಾಶ ಕಾಣಬೇಕು. ಇದು ಅಂದಕ್ಕಲ್ಲ. ಮಾವಿನ ಜಿಗಿಹುಳು ಅಡಗುವುದು ಒತ್ತೊತ್ತಾದ ನೆರಳಿನಲ್ಲಿ, ತೊಗಟೆಯ ಬಿರುಕುಗಳಲ್ಲಿ. ಬೆಳಕು, ಗಾಳಿ ಆಡಿದರೆ ಅರ್ಧ ಔಷಧಿ ಉಳಿಯಿತು.

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ಯಲು ಹೋದರೆ ಅದು ತನ್ನ ಭಾರಕ್ಕೆ ಮುರಿದು, ಕಾಂಡದ ತೊಗಟೆಯನ್ನು ಗೇಣುದ್ದ ಸುಲಿದುಕೊಂಡೇ ಬೀಳುತ್ತದೆ. ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿದ ತೊಗಟೆ ಇರುತ್ತದಲ್ಲ, ಅದನ್ನು ಕೊಯ್ಯಬೇಡಿ. ಗಾಯ ಮುಚ್ಚುವುದು ಅಲ್ಲಿಂದಲೇ. ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಿರಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಸಗಣಿ ಮೆತ್ತುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆಯಿಲ್ಲ.

ಹೂಗೊಂಚಲು ಹೊರಟು ಇನ್ನೂ ಅರಳದಿರುವಾಗ ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬೆಳಗಿನ ತಂಪಿನಲ್ಲಿ ಹೊಡೆಯಿರಿ. ಹೂ ಅರಳಿದ ಮೇಲೆ ಪಂಪು ಒಳಗಿಡಿ. ಮಾವಿಗೆ ಪರಾಗ ಮುಟ್ಟಿಸುವುದರಲ್ಲಿ ನಾವು ಅಟ್ಟುವ ನೊಣಗಳ ಪಾಲೇ ದೊಡ್ಡದು. ಕಾಯಿ ಬಟಾಣಿ ಗಾತ್ರವಾದ ಮೇಲೆ, ಬೂದಿ ಕಂಡರೆ ಮಾತ್ರ, ಇನ್ನೊಮ್ಮೆ.

ಸೀಬೆಯ ತುದಿಗಳನ್ನು ಮೇ ತಿಂಗಳಲ್ಲಿ ಗೇಣುದ್ದ ಕತ್ತರಿಸಿದರೆ ಫಸಲು ಚಳಿಗಾಲಕ್ಕೆ ಬರುತ್ತದೆ. ಮಳೆಗಾಲದ ಸೀಬೆ ಸಪ್ಪೆ, ಮೇಲೆ ಹಣ್ಣುನೊಣದ ಹುಳು ಬೇರೆ. ಸಪೋಟವನ್ನು ಅದರ ಪಾಡಿಗೆ ಬಿಡಿ, ಒಣಗಿದ್ದನ್ನು ತೆಗೆದರೆ ಸಾಕು.

ಪ್ರಶ್ನೆ: ಅಡಿಕೆಗೆ ಹೊಡೆದು ಉಳಿದ ಬೋರ್ಡೋವನ್ನು ಮಾರನೇ ದಿನ ಅಂಗಳದ ನಿಂಬೆಗೆ ಹೊಡೆಯುತ್ತೇವೆ. ಆದರೂ ಎಲೆ, ಕಾಯಿ ಮೇಲಿನ ಕಜ್ಜಿ ಹೋಗಿಲ್ಲ.
– ತೀರ್ಥಹಳ್ಳಿಯ ಓದುಗರು

ಉತ್ತರ: ಮಲೆನಾಡಿನವರಿಗೆ ಬೋರ್ಡೋ ಪಾಠ ಹೇಳುವುದು ಅಧಿಕಪ್ರಸಂಗ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹೊಡೆಸಲು ಶುರುಮಾಡಿ ನೂರು ವರ್ಷ ದಾಟಿತು. ಆದರೂ ನಿಮ್ಮ ಮಾತಿನಲ್ಲೇ ಎರಡು ತಪ್ಪಿವೆ.

ಮೊದಲನೆಯದು ‘ಮಾರನೇ ದಿನ’. ರಾತ್ರಿ ಕಳೆದ ಬೋರ್ಡೋ ತಳಕ್ಕೆ ಗಡ್ಡೆಕಟ್ಟುತ್ತದೆ, ಎಲೆಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಒಂದು ನಿಂಬೆ ಗಿಡಕ್ಕೆ ಹತ್ತು ಲೀಟರ್ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರಲ್ಲಿ ಐದು ಲೀಟರಿಗೆ 100 ಗ್ರಾಂ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪಗಾದರೆ ಸುಣ್ಣ ಕಮ್ಮಿ ಎಂದರ್ಥ.

ಎರಡನೆಯದು ‘ಹೋಗಿಲ್ಲ’ ಅನ್ನುವುದು. ಇರುವ ಕಜ್ಜಿ ಯಾವ ಔಷಧಿಗೂ ಹೋಗುವುದಿಲ್ಲ. ಅದು ಬ್ಯಾಕ್ಟೀರಿಯಾ ರೋಗ, ಬೋರ್ಡೋ ಹೊಸ ಎಲೆಗೆ ತಗಲದಂತೆ ತಡೆಯುತ್ತದೆ ಅಷ್ಟೇ. ಮುಂಗಾರಿಗೆ ಮುಂಚೆ ಕಜ್ಜಿ ಹಿಡಿದ ರೆಂಬೆಗಳನ್ನು ಸವರಿ ಸುಟ್ಟು, ಆಮೇಲೆ ಹೊಡೆಯಿರಿ. ಚಿಗುರೆಲೆಯಲ್ಲಿ ಬೆಳ್ಳಿ ಗೆರೆ ಎಳೆಯುವ ರಂಗೋಲಿ ಹುಳುವಿನ ಮೇಲೂ ಕಣ್ಣಿರಲಿ. ಅದು ಕೊರೆದ ಗಾಯದಲ್ಲೇ ಕಜ್ಜಿ ಒಳನುಗ್ಗುವುದು.

ಪ್ರಶ್ನೆ: ಬೇವಿನ ಎಣ್ಣೆ ಹೊಡೆದ ಮೇಲೆ ದಾಳಿಂಬೆ ಎಲೆ ಸುಟ್ಟಂತಾಗಿದೆ. ಪಕ್ಕದ ಸೀತಾಫಲಕ್ಕೆ ಏನೂ ಆಗಿಲ್ಲ. ಏಕೆ?
– ಬೆಂಗಳೂರಿನ ಓದುಗರು

ಉತ್ತರ: ದಾಳಿಂಬೆಗೆ ಕೊನೆಯಲ್ಲಿ ಹೊಡೆದಿರಬೇಕು. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲುತ್ತದೆ. ಪಂಪು ತಳದಿಂದ ಎಳೆಯುವುದರಿಂದ ಮೊದಲ ಗಿಡಕ್ಕೆ ಬರೀ ನೀರು, ಕೊನೆಯ ಗಿಡಕ್ಕೆ ಬರೀ ಎಣ್ಣೆ. 50 ಮಿ.ಲೀ. ಎಣ್ಣೆಗೆ ಮೊದಲು ಸೋಪಿನ ದ್ರಾವಣ ಹಾಕಿ ಹಾಲಿನಂತಾಗುವವರೆಗೆ ಕಲಕಿ, ಸ್ವಲ್ಪಸ್ವಲ್ಪವೇ ನೀರು ಬೆರೆಸಿ ಹತ್ತು ಲೀಟರ್ ಮಾಡಿ. ಬಿಸಿಲಿಳಿದ ಮೇಲೆ ಹೊಡೆಯಿರಿ. ಗಂಧಕ ಹೊಡೆದು ಎರಡು ವಾರವಾಗಿರದಿದ್ದರೆ ಎಣ್ಣೆ ಬೇಡ.

ಆ ಪಂಪಿನಲ್ಲಿ ಹಿಂದೆ ಕಳೆನಾಶಕ ಹೊಡೆದಿದ್ದಿರಾ, ಅದನ್ನೂ ನೆನಪಿಸಿಕೊಳ್ಳಿ. ನಾನೇ ಒಮ್ಮೆ ನಾಲ್ಕು ಸಲ ತೊಳೆದಿದ್ದೇನೆಂಬ ಧೈರ್ಯದಲ್ಲಿ ಹೊಡೆದು, ಎರಡು ವರ್ಷದ ನಿಂಬೆ ಗಿಡದ ಎಲೆಯೆಲ್ಲ ಹಪ್ಪಳದಂತೆ ಮುರುಟಿಕೊಂಡದ್ದನ್ನು ನೋಡಿದ್ದೇನೆ. ಈಗ ಕಳೆನಾಶಕದ ಪಂಪಿಗೆ ಕೆಂಪು ಬಣ್ಣ ಬಳಿದು ಬೇರೆ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ.